ಮರಕ್ಕೆ ಸಿಕ್ಕ ಒಂದು ವರ್ಷ

ಸಗಣಿ, ಕೆಮ್ಮಣ್ಣು ಕಲಸಿದ ಸ್ಮೆಲ್ ಬಂದರೆ ಇವತ್ತಿಗೂ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿಹೋದ ಅನಗವಾಡಿಯ ನಮ್ಮ ತೋಟ ನೆನಪಾಗುತ್ತದೆ.

ಆ ಮಧ್ಯಾಹ್ನ, ಮರಗಳ ರೋಗ ನೋಡುವ ಹುಸೇನಜ್ಜ ಕಾಯಿ ಬಿಡದ ಮಾವಿನ ಒಣಟೊಂಗೆ ಕೊಯ್ದು, ಗಾಯಕ್ಕೆ ಆ ತಣ್ಣನೆಯ ಮಣ್ಣು ಮೆತ್ತಿದ. ಆಮೇಲೆ ಪದ್ಧತಿಯಂತೆ ಕೊಡಲಿ ಎತ್ತಿ ಮರವನ್ನು ಹೆದರಿಸಿದ: “ಕಾಯಿ ಬಿಡ್ತೀಯೋ, ಕಡದ ಹಾಕ್ಲೋ?”

ಮರದ ಪರವಾಗಿ ಮನೆಯವರೊಬ್ಬರು ಬೇಡಿಕೊಳ್ಳಬೇಕು. ಅಜ್ಜಿ ತನ್ನ ಕಿರಿಸೊಸೆಯನ್ನು, ಮಕ್ಕಳಿಲ್ಲದ ನಮ್ಮ ಕಾಕುವನ್ನೇ ಮುಂದೆ ತಳ್ಳಿದಳು. ನನಗೋ ಕಾನ್ವೆಂಟಿನ ಡ್ರಾಮಾ ನೋಡಿದಷ್ಟು ಖುಷಿ.

ಕಾಕು ಮರ ತಬ್ಬಿ, “ಇನ್ನೊಂದ ವರ್ಷ ತಡೀರಿ, ಬಿಡತೈತಿ” ಅಂದಳು.

“ಆತು ಬಿಡವಾ” ಎನ್ನಬೇಕಾದವನು ಹುಸೇನಜ್ಜ. ಅವನು ಬಾಯಿ ತೆರೆಯುವ ಮೊದಲೇ ಅಜ್ಜಿ, “ಒಂದ ವರ್ಷ ಅಷ್ಟ. ಆಮ್ಯಾಲ ನನ್ನ ಮಗಗ ಬ್ಯಾರೆ ನೋಡ್ತೇನಿ” ಅಂದಳು.

ಕಾಕಾನಿಗೇಕೆ ಬೇರೆ ಮರ ಎಂದು ನಾನು ಕನ್‌ಫ್ಯೂಸ್ ಆಗಿ ನಿಂತೆ. ಹುಸೇನಜ್ಜ ಕೊಡಲಿ ಕೆಳಗಿಟ್ಟ. ಕಾಕು ಮಾತ್ರ ಮರ ಬಿಡಲಿಲ್ಲ.