ತಂಗಿಯ ಯಂತ್ರ

ಅಕ್ಕ ಗಾಜಿನ ತಟ್ಟೆಗಳನ್ನು ತೊಳೆದು ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ತಂಗಿ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತಳು.

"ಅಕ್ಕಾ, ನನ್ನ ವರದಿ ವಾರ್ಡಿಗೆ ಹೋಯ್ತಲ್ವಾ? ಹಾಲಿನ ಕೋಣೆಗೆ ಇನ್ನೂ ಬೀಗ ಹಾಕಿಲ್ವಂತೆ."

"ಅವತ್ತೇ ಹೋಯ್ತು. ಎಷ್ಟು ಸಲ ಕೇಳ್ತೀಯೇ?"

ಹೋಗಿರಲಿಲ್ಲ. ಅಕ್ಕನ ಸಹಿಯಿಲ್ಲದೆ ಲ್ಯಾಬಿನಿಂದ ಯಾವ ವರದಿಯೂ ಹೊರಡುವಂತಿರಲಿಲ್ಲ; ಇದು ಸಹಿ ಬೀಳದೆ ಐದು ದಿನದಿಂದ ಅವಳ ಮೇಜಿನ ಖಾನೆಯಲ್ಲಿತ್ತು.

ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಏಳು ಕೂಸುಗಳ ರಕ್ತಕ್ಕೆ ನಂಜೇರಿತ್ತು, ಎರಡು ಉಳಿಯಲಿಲ್ಲ. ಇಪ್ಪತ್ತೆರಡು ವರ್ಷದಿಂದ ತಟ್ಟೆಯಲ್ಲಿ ರೋಗಾಣು ಬೆಳೆಸಿ ನೋಡುವ ಅಕ್ಕ, ವಾರ್ಡಿನಲ್ಲಿ ದೋಷವಿಲ್ಲ, ಒಂದೊಂದು ಕೂಸಿಗೂ ಒಂದೊಂದು ಕಡೆಯಿಂದ ತಗುಲಿದೆ ಎಂದು ಬರೆದುಕೊಟ್ಟಿದ್ದಳು. ಹೊಸ ಯಂತ್ರದ ಮುಂದೆ ಕೂರುವ ತಂಗಿ ಅದೇ ರೋಗಾಣುಗಳ ಜೀನೋಮನ್ನು ಅಕ್ಷರ ಬಿಡದೆ ಓದಿಸಿದಳು. ಏಳೂ ಒಂದೇ ಬಳ್ಳಿಯವು. ಕೂಸುಗಳಿಗೆ ಹಾಲು ಸಿದ್ಧಮಾಡುವ ಹಾಲಿನ ಕೋಣೆಯ ಸಿಂಕಿನಲ್ಲಿ ಸಿಕ್ಕಿದ್ದೂ ಅದೇ. ಯಂತ್ರ ಬಂದ ವರ್ಷದಿಂದ ದೊಡ್ಡ ಡಾಕ್ಟರು ಅಕ್ಕನ ಮೇಜಿನ ಹತ್ತಿರ ನಿಲ್ಲುವುದನ್ನೇ ಬಿಟ್ಟಿದ್ದರು.

"ಅದೇ ಸಿಂಕಿನಿಂದ ನಾನು ಮೂರು ಸಲ ಸ್ಯಾಂಪಲ್ ತೆಗೆದೆ. ಏನೂ ಬೆಳೀಲಿಲ್ಲ," ಎಂದಳು ಅಕ್ಕ. "ನಿನ್ನ ಯಂತ್ರಕ್ಕೆ ಕನಸು ಬಿದ್ದಿರ್ಬೇಕು."

"ನೀನು ಫೋನ್ ಮಾಡಿ ಹೋಗ್ತೀಯಲ್ಲ. ದೊಡ್ಡ ಮೇಡಂ ಬರ್ತಾರೆ ಅಂತ ಆಯಾ ಮದ್ದು ಸುರಿದು ತಿಕ್ಕಿಟ್ಟಿರ್ತಾಳೆ. ನನಗ್ಯಾರು ಹೆದರ್ತಾರೆ? ಸುಮ್ನೆ ನುಗ್ಗಿದೆ."

ತಂಗಿ ನಕ್ಕಳು. ಆ ನಗುವಿನಲ್ಲಿ ಜಂಬವಿರಲಿಲ್ಲ. ಇದ್ದಿದ್ದರೆ ಅಕ್ಕನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.

ಅಷ್ಟರಲ್ಲಿ ವಾರ್ಡಿನ ನರ್ಸ್ ಏದುಸಿರು ಬಿಡುತ್ತಾ ಬಂದು ರಕ್ತದ ಪುಟ್ಟ ಶೀಷೆಯನ್ನು ಮೇಜಿನ ಮೇಲಿಟ್ಟಳು.

"ಎಂಟನೇದು, ಮೇಡಂ. ಬೆಳಿಗ್ಗೆಯಿಂದ ಹಾಲು ಕುಡೀತಿಲ್ಲ."

"ಹುಟ್ಟಿ ಎಷ್ಟು ದಿನ?"

"ನಾಲ್ಕು."

ಖಾನೆಯಲ್ಲಿದ್ದ ಕಾಗದಕ್ಕಿಂತ ಒಂದು ದಿನ ಚಿಕ್ಕ ಕೂಸು.

ಅಕ್ಕ ಒದ್ದೆ ಕೈಯಲ್ಲೇ ಖಾನೆ ಎಳೆದಳು. ಹೊರಬಂದದ್ದು ತನ್ನದೇ ವರದಿ ಎಂದು ತಂಗಿ ಗುರುತಿಸಿದಳು. ಅವಳು ಮೆಲ್ಲಗೆ ಪೆನ್ನು ತೆಗೆದಳು.

"ಕೊಡು ಇಲ್ಲಿ. ತಾರೀಕು ಇವತ್ತಿಂದು ಮಾಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಅಕ್ಕ ಅವಳ ಕೈಯಿಂದ ಪೆನ್ನು ಕಿತ್ತುಕೊಂಡು, ಐದು ದಿನದ ಹಿಂದಿನ ತಾರೀಕನ್ನು ಹಾಗೇ ಬಿಟ್ಟು ಸಹಿ ಹಾಕಿ, ಸಹಿಯ ಪಕ್ಕ ಇವತ್ತಿನ ತಾರೀಕು ಬರೆದಳು. ಕಾಗದವನ್ನು ನರ್ಸಿನ ಕೈಗೆ ತುರುಕಿ, "ಓಡು, ಮೊದಲು ಹಾಲಿನ ಕೋಣೆ ಮುಚ್ಚಿಸು," ಎಂದಳು.

ಆಮೇಲೆ ತಂಗಿಯ ಮುಖ ನೋಡದೆ ಹೇಳಿದಳು:

"ಆ ವರದೀಲಿ ಎಲ್ಲಾ ನಿಂದೇ. ತಾರೀಕೊಂದಾದ್ರೂ ನಂದಿರ್ಲಿ."