ಬರೆದವರು ಯಾರು?

ಭಾವ ಗುಂಡಿ ಒತ್ತಿದರು. ಗೋಡೆಯ ಪರದೆಯ ಮೇಲೆ ಬಟ್ಟೆ ಕತ್ತರಿಸುವ ನಕ್ಷೆಯ ಬದಲು ಒಂದು ಪ್ರಶ್ನೆ ಬಂದು ನಿಂತಿತು: "ನನ್ನನ್ನು ಬರೆದವರು ಯಾರು?" ನಕ್ಷೆ ಹಾಕುವ ಈ ತಂತ್ರಾಂಶ ಕೊಳ್ಳಲು ಬಂದಿದ್ದ ಉಡುಪು ಕಾರ್ಖಾನೆಯ ಮಾಲೀಕರು ಕನ್ನಡಕ ಸರಿಮಾಡಿಕೊಂಡರು. ಹಿಂದಿನ ಕುರ್ಚಿಯಲ್ಲಿ ನಾದಿನಿ ಕೈಕಟ್ಟಿ ಕೂತಿದ್ದಳು.

ಎಲ್ಲ ತಮ್ಮದೇ ಕೆಲಸವೆಂದು ಭಾವ ಈಗಷ್ಟೇ ಕೊಚ್ಚಿಕೊಂಡಿದ್ದರು. ಅವರು ಬರೆದದ್ದು ಮೇಲಿನ ಥಳಕು ಮಾತ್ರ. ಅದು ಅಳತೆಗಳನ್ನು ನಾದಿನಿಯ ಪ್ರೋಗ್ರಾಮಿಗೆ ದಾಟಿಸಿ, ಒಳಗಿಂದ ಬಂದದ್ದನ್ನು ಗಿಣಿಯಂತೆ ಪರದೆಗೆ ಒಪ್ಪಿಸುತ್ತಿತ್ತು. ಆ ಪ್ರೋಗ್ರಾಮಿಗೆ ಅವಳು ನಿನ್ನೆ ಈ ಒಂದು ಪ್ರಶ್ನೆ ಕಲಿಸಿದ್ದಳು. ಸರಿಯುತ್ತರ ಸಿಗುವವರೆಗೆ ಅದು ಜಪ್ಪಯ್ಯ ಅಂದರೂ ಮುಂದೆ ಹೋಗದು.

ಭಾವ ತಮ್ಮ ಹೆಸರು ಟೈಪ್ ಮಾಡಿದರು. ಮತ್ತೆ ಅದೇ ಪ್ರಶ್ನೆ. ಬೆವರುತ್ತ ಅವಳ ಹೆಸರು ಹಾಕಿದರು. ಮತ್ತೆ ಅದೇ. "ಏನಮ್ಮಾ ಇದು?" ಎಂದು ಹಲ್ಲು ಕಚ್ಚಿ ಕೇಳಿದರು.

"ಆ ಹೆಸರು ಹಿಡಿದು ನೀವು ಯಾವತ್ತು ನನ್ನ ಕರೆದಿದ್ದೀರಿ, ಭಾವ? ಆಫೀಸಲ್ಲಿ ಎಲ್ಲರ ಮುಂದೆ ಕರೀತೀರಲ್ಲ, ಅದನ್ನ ಹಾಕಿ."

ಭಾವ ಒಂದೊಂದೇ ಅಕ್ಷರ ಒತ್ತಿದರು: ಮೊದ್ದು. ನಕ್ಷೆ ಸರಸರನೆ ಪರದೆ ತುಂಬಿತು, ಚೂರು ಬಟ್ಟೆಯೂ ದಂಡವಾಗದಂತೆ.

"ಭೇಷ್. ಯಾರ್ರೀ ಈ ಮೊದ್ದು?" ಎಂದರು ಮಾಲೀಕರು.

ಭಾವ ಬಾಯಿ ತೆರೆಯುವ ಮೊದಲೇ ನಾದಿನಿ ಎದ್ದು ನಿಂತಳು.