ತಿದ್ದದೆ ಬಿಟ್ಟ ವಾಕ್ಯ

ಗೌತಮಿ ಆ ಒಂದು ವಾಕ್ಯಕ್ಕೆ ಬರಲಿ ಎಂದು ಚಲುವರಾಜು ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕಾಯುತ್ತಿದ್ದರು. ನಂಜನಗೂಡಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ತಲೆ ನರೆತದ್ದು ಅವರದು. ಮೈಸೂರಿನ ವಿದ್ವಾಂಸರು ಬಂದದ್ದು ಮಾತ್ರ ಮೊನ್ನೆ ಕೆಲಸಕ್ಕೆ ಸೇರಿದ ಈ ಹುಲ್ಲಹಳ್ಳಿ ಹುಡುಗಿಯ ಭಾಷಣ ಕೇಳಲು.

“ಸೊಲೊಮೋನ ರಾಜನ ಹಡಗುಗಳು ಚಿನ್ನ, ದಂತದ ಜೊತೆ ‘ತುಕ್ಕಿಯೀಮ್’ ತಂದವು ಅನ್ನುತ್ತೆ ಬೈಬಲ್. ಹೀಬ್ರೂವಿನ ಈ ಅಪರೂಪದ ಪದಕ್ಕೆ ನವಿಲುಗಳು ಅಂತ ಅರ್ಥ. ಬಾಲಕ್ಕೆ ನಾವು ತೋಕೆ ಅಂತೀವಿ, ನವಿಲಿನ ಬಾಲಕ್ಕೆ ತಮಿಳರು ತೋಗೈ ಅಂತಾರೆ,” ಎಂದಳು ಗೌತಮಿ. ಸಭೆ ತಲೆದೂಗಿತು. ಚಲುವರಾಜು ಅವರ ಹೊಟ್ಟೆ ಉರಿಯಿತು. ತೋಕೆ ಅವರಿಗೂ ಗೊತ್ತಿತ್ತು. ಸೊಲೊಮೋನನ ಹಡಗಿನ ನಂಟು ಮಾತ್ರ ಹೊಳೆದಿರಲಿಲ್ಲ.

“ಆ ಪದ ಹೀಬ್ರೂಗೆ ಹೋದದ್ದು ಕನ್ನಡದಿಂದಲೇ, ಅನುಮಾನವಿಲ್ಲ.” ಬಂತು ಆ ವಾಕ್ಯ. ದಕ್ಷಿಣ ಭಾರತದ ಯಾವುದೋ ಭಾಷೆಯಿಂದ ಹೋಗಿರಬಹುದು ಎನ್ನುವುದಕ್ಕಿಂತ ಹೆಚ್ಚು ಹೇಳಲು ಬಲ್ಲವರು ಹಿಂಜರಿಯುತ್ತಾರೆ. ಹೋದ ವಾರ ಅವಳು, “ತಪ್ಪಿದ್ರೆ ಗೀಚಾಕ್ಬುಡಿ ಸಾ,” ಎಂದು ಭಾಷಣದ ಪ್ರತಿ ಕೊಟ್ಟಾಗ, ಉಳಿದದ್ದನ್ನೆಲ್ಲ ತಿದ್ದಿದ ಚಲುವರಾಜು ಇದೊಂದರ ಮೇಲೆ ಪೆನ್ನೆತ್ತಿ, ಮತ್ತೆ ಮುಚ್ಚಳ ಹಾಕಿದ್ದರು.

ವಿದ್ವಾಂಸರು ಹುಬ್ಬು ಗಂಟಿಕ್ಕಿದರು. ಗೌತಮಿ ಅಳುಕಲಿಲ್ಲ. “ಇದನ್ನ ಹೇಳೋಕೆ ನಂಗೂ ಭಯ ಇತ್ತು. ಒಂದು ಕಾಮಾ ತಪ್ಪಿದ್ರೂ ಬಿಡದ ನಮ್ಮ ಚಲುವರಾಜು ಸಾರ್ ಇದನ್ನ ಒಪ್ಪಿದ್ರಲ್ಲ, ಧೈರ್ಯ ಬಂತು.”

ಮೈಕು ಕೈಯಿಂದ ಕೈಗೆ ದಾಟಿ ಚಲುವರಾಜು ಅವರ ಮಡಿಲಿಗೆ ಬಂತು. “ಹಾಗಾದ್ರೆ ಆಧಾರ ನೀವೇ ಹೇಳಿ ಸಾರ್,” ಎಂದರು ವಿದ್ವಾಂಸರು. ವೇದಿಕೆಯ ಮೇಲಿಂದ ಗೌತಮಿ, ಸಾರ್ ಇದ್ದಾರಲ್ಲ ಎಂಬ ನೆಮ್ಮದಿಯಲ್ಲಿ, ಅವರನ್ನೇ ನೋಡಿ ನಗುತ್ತಿದ್ದಳು.